ಹಲ್ಲು ಹುಳುಕು: ಎಷ್ಟು ಸಿಹಿ ಅನ್ನೋದಷ್ಟೇ ಅಲ್ಲ, ಎಷ್ಟು ಸಲ

ಎಲ್ಲರೂ ದಯವಿಟ್ಟು ಓದಿ. ಹುಳುಕು ಹಲ್ಲಿನಲ್ಲಿ ಹುಳು ಇರುವುದಿಲ್ಲ. ಹಲ್ಲಿಗಂಟಿದ ಪಾಚಿಯಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸುತ್ತದೆ, ಪಿಎಚ್ (ಆಮ್ಲೀಯತೆಯ ಅಳತೆ, ಇದು ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲುರಸ ಅದನ್ನು ಮತ್ತೆ ಸರಿಪಡಿಸುತ್ತದೆ, ಆದರೆ ಅದಕ್ಕೆ ಸಮಯ ಬೇಕು, ಅಷ್ಟರಲ್ಲಿ ನಾವು ಇನ್ನೊಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡರೆ ಎಲ್ಲ ಮೊದಲಿನಿಂದ ಶುರು, ಅಲ್ವಾ? ಅದಕ್ಕೇ ಸಿಹಿಯನ್ನು ಊಟದ ಜೊತೆಗೇ ಮುಗಿಸಿ, ದಿನವಿಡೀ ಸುಮ್ನೆ ಚಪ್ಪರಿಸಬೇಡಿ.

ದಿನಕ್ಕೆ 2 ಸಲ, ಹಲ್ಲನ್ನು ಗಟ್ಟಿಗೊಳಿಸುವ ಫ್ಲೋರೈಡ್ ಪೇಸ್ಟ್‌ನಿಂದ ಉಜ್ಜಿ. ನೊರೆ ಉಗಿದರೆ ಸಾಕು, ಜಾಸ್ತಿ ಬಾಯಿ ಮುಕ್ಕಳಿಸಬೇಡಿ, ಫ್ಲೋರೈಡ್ ತೊಳೆದುಹೋಗುತ್ತದೆ. ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಮಕ್ಕಳಿಗೆ ಹಾಲಿನ ಬಾಟಲಿ ಕೊಟ್ಟು ಮಲಗಿಸಲೇಬೇಡಿ. ಹಲ್ಲಿನ ಮೇಲೆ ಮಂಕು ಬಿಳಿ ಮಚ್ಚೆ ಕಂಡರೆ ಆಗಲೇ ವೈದ್ಯರಿಗೆ ತೋರಿಸಿ, ತೂತು ಬಿದ್ದ ಮೇಲೆ ಅದು ತಾನಾಗಿ ಮುಚ್ಚುವುದಿಲ್ಲ.