ಪಿಕಪ್ ಇಲ್ಲವೆಂದರೆ ಮೊದಲು ಗಾಳಿ ನೋಡಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಬಳ್ಳಾರಿಯ ಗ್ಯಾರೇಜುಗಳಲ್ಲಿ ಒಂದೇ ದೂರು: ‘ಮಧ್ಯಾಹ್ನ ಎಸಿ ಹಾಕಿದರೆ ಗಾಡಿ ಎಳೆಯಲ್ಲ’. ಮೊದಲು ಪೆಟ್ರೋಲ್ ಮೇಲೆ ಅನುಮಾನ, ಆಮೇಲೆ ಪ್ಲಗ್ಗು, ಇಂಜೆಕ್ಟರ್ ಕ್ಲೀನಿಂಗು, ಕೊನೆಗೆ ಫ್ಯುಯೆಲ್ ಪಂಪು. ಗಾಳಿ ಬರುವ ದಾರಿಯತ್ತ ಕಣ್ಣು ಹಾಯಿಸುವವರು ಕಡಿಮೆ.

ಬಿಸಿ ಗಾಳಿ ಹಗುರ. ಹಗುರವಾದಷ್ಟೂ ಎಂಜಿನ್‌ಗೆ ಸಿಗುವ ಆಕ್ಸಿಜನ್ ಕಡಿಮೆ, ಎಳೆತವೂ ಕಡಿಮೆ. ಒಂದು ಘನ ಮೀಟರ್ ಗಾಳಿ 25 ಡಿಗ್ರಿಯಲ್ಲಿ ಸುಮಾರು 1.18 ಕೆ.ಜಿ. ತೂಗಿದರೆ 45 ಡಿಗ್ರಿಯಲ್ಲಿ 1.11. ಈ ಶೇ 6ರ ಖೋತಾ ನಮ್ಮ ಬಿಸಿಲಿನದು, ಅದಕ್ಕೆ ಮದ್ದಿಲ್ಲ. ಬಾನೆಟ್ ಒಳಗಿನ 65 ಡಿಗ್ರಿ ಗಾಳಿಯನ್ನೇ ಎಂಜಿನ್ ಎಳೆದುಕೊಂಡರೆ ಮಾತ್ರ ಖೋತಾ ಶೇ 12 ಆಗುತ್ತದೆ, ಮತ್ತು ಅದು ನಮ್ಮದೇ ಕೈವಾಡ. ಗ್ರಿಲ್ ಹಿಂದಿನಿಂದ ಫಿಲ್ಟರ್ ಡಬ್ಬಿಗೆ ತಣ್ಣನೆ ಗಾಳಿ ತರುವ ಪ್ಲಾಸ್ಟಿಕ್ ಕೊಳವೆಯನ್ನು ಸರ್ವಿಸ್ ವೇಳೆ ಬಿಚ್ಚಿ, ಕ್ಲಿಪ್ ಮುರಿಯಿತೆಂದು ಹಾಗೇ ಬಿಟ್ಟುಬಿಡುತ್ತಾರೆ. ಗಾಳಿ ಕಾದಷ್ಟೂ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗೇ ಸಿಡಿದು ಎಂಜಿನ್ ಟಕಟಕ ಬಡಿಯುವುದು) ಭಯ ಹೆಚ್ಚು. ಅದನ್ನು ತಪ್ಪಿಸಲು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸ್ಪಾರ್ಕನ್ನು ತಡ ಮಾಡುತ್ತದೆ, ಎಳೆತ ಇನ್ನಷ್ಟು ಕುಸಿಯುತ್ತದೆ.

ಇಸಿಯುವಿನ ಈ ಲೆಕ್ಕ ನಿಂತಿರುವುದು ಒಳಬರುವ ಗಾಳಿಯ ತಾಪ ಅಳೆಯುವ ಐಎಟಿ ಸೆನ್ಸರ್ ಮೇಲೆ. ಬಹುತೇಕ ಕಾರುಗಳಲ್ಲಿ ಅದರ ರೆಸಿಸ್ಟನ್ಸ್ 20 ಡಿಗ್ರಿಗೆ ಎರಡರಿಂದ ಮೂರು ಸಾವಿರ ಓಮ್, 80ಕ್ಕೆ ಮುನ್ನೂರರ ಆಸುಪಾಸು. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಸ್ಕ್ಯಾನರ್ (ಇಸಿಯು ಓದುವ ಉಪಕರಣ) ಹಾಕಿ: ಐಎಟಿ, ಕೂಲಂಟ್ (ಎಂಜಿನ್ ತಣಿಸುವ ದ್ರವ), ಹೊರಗಿನ ತಾಪ ಮೂರೂ ನಾಲ್ಕೈದು ಡಿಗ್ರಿಯೊಳಗೆ ಹೊಂದಬೇಕು. ಸಿಗ್ನಲ್‌ನಲ್ಲಿ ನಿಂತಾಗ ಐಎಟಿ 60 ದಾಟಿದರೆ ಗಾಬರಿ ಬೇಡ, ಓಡತೊಡಗಿದ ಕೆಲವೇ ನಿಮಿಷದಲ್ಲಿ ಇಳಿಯಬೇಕು. ಇಳಿಯದಿದ್ದರೆ ಕೊಳವೆ ಇಲ್ಲ, ಇಲ್ಲವೇ ಸೆನ್ಸರ್ ಮೇಲೆ ಎಣ್ಣೆ-ದೂಳಿನ ಪದರ ಕೂತಿದೆ.

ಮೇ ತಿಂಗಳ ಬಳ್ಳಾರಿಯಲ್ಲಿ ಸ್ಕ್ಯಾನರ್ ಮೈನಸ್ 40 ತೋರಿಸಿ ಐಎಟಿ ದೋಷದ ಪಿ0113 ಕೋಡ್ ಕೊಟ್ಟರೆ? ತಂತಿ ತುಂಡಾಗಿರಬೇಕು (ಇಲಿ ಕಡಿದಿರಲೂಬಹುದು), ಇಲ್ಲವೇ ಸೆನ್ಸರ್ ಕೆಟ್ಟಿರಬೇಕು. ಎರಡೇ ತಂತಿಯ ಸೆನ್ಸರಾದರೆ ಅದರ ಸಾಕೆಟ್ ಕಿತ್ತು, ತಂತಿ ಕಡೆಯ ಎರಡು ಪಿನ್ ಜೋಡಿಸಿ ನೋಡಿ. ಓದು ಥಟ್ಟನೆ ನೂರು ದಾಟಿದರೆ ವೈರಿಂಗ್ ಸರಿ, ಸೆನ್ಸರ್ ಕೆಟ್ಟಿದೆ. ಮೈನಸ್ 40ರಲ್ಲೇ ನಿಂತರೆ ವೈರಿಂಗ್ ಹುಡುಕಿ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಮೇಲಿರುವ ನಾಲ್ಕು ಪಿನ್ನಿನ ಸೆನ್ಸರಿಗೆ ಮಾತ್ರ ಈ ಪ್ರಯೋಗ ಬೇಡ, ಅದರಲ್ಲಿ 5 ವೋಲ್ಟ್ ಸಪ್ಲೈ ತಂತಿಯೂ ಇರುತ್ತದೆ.

ತೋರಣಗಲ್ಲು, ಸಂಡೂರು ಕಡೆ ಓಡುವ ಗಾಡಿಗಳ ಫಿಲ್ಟರ್ ಬಿಚ್ಚಿದರೆ ಕೈಗೆ ಹತ್ತುವುದು ಕೆಂಪು ಅದಿರು ದೂಳು. ಕೈಪಿಡಿಯ ಗಡುವು ಕಾಯದೆ 5,000 ಕಿ.ಮೀ.ಗೊಮ್ಮೆ ತೆಗೆದು ನೋಡಬೇಕು. ಎಣ್ಣೆ ಸವರಿದ ತೊಳೆಯುವ ಫಿಲ್ಟರ್ ಇಲ್ಲಿಗೆ ಸಲ್ಲ. ಹೆಚ್ಚಾದ ಎಣ್ಣೆ, ಒಳಬರುವ ಗಾಳಿಯ ಪ್ರಮಾಣ ಅಳೆಯುವ ಎಂಎಎಫ್ ಸೆನ್ಸರಿನ ಕೂದಲೆಳೆಯಂಥ ತಂತಿಗೆ ಮೆತ್ತಿಕೊಂಡು ಗಾಳಿಯ ಅಳತೆಯೇ ತಪ್ಪುತ್ತದೆ. ಆ ತಂತಿಯನ್ನು ಬಟ್ಟೆಯಿಂದ ಒರೆಸುವುದಾಗಲಿ ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯುವುದಾಗಲಿ ಸಲ್ಲದು. ಎಂಎಎಫ್ ಕ್ಲೀನರನ್ನೇ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಕೂಡಿಸಬೇಕು.

ಇನ್ನು ಆನ್‌ಲೈನ್‌ನಲ್ಲಿ ಮಾರುವ, ಐಎಟಿ ತಂತಿಗೆ ಸಿಕ್ಕಿಸುವ ‘ಪವರ್ ಚಿಪ್’. ಅದರೊಳಗಿರುವುದು ಪುಡಿಗಾಸಿನ ಒಂದು ರೆಸಿಸ್ಟರ್. ಹೊರಗೆ 44 ಡಿಗ್ರಿ ಸುಡುತ್ತಿದ್ದರೂ ‘5 ಡಿಗ್ರಿ ಚಳಿ’ ಎಂದು ಇಸಿಯುಗೆ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತದೆ, ಸ್ಪಾರ್ಕನ್ನೂ ಮುಂಚೆ ಹೊಡೆಯುತ್ತದೆ. ಹೆಚ್ಚುವರಿ ಪೆಟ್ರೋಲನ್ನು ಆಕ್ಸಿಜನ್ ಸೆನ್ಸರ್ ಹೇಗೋ ಸರಿದೂಗಿಸೀತು, ಆದರೆ ಮುಂಚೆಯೇ ಬೀಳುವ ಸ್ಪಾರ್ಕನ್ನು ತಡೆಯಲು ಉಳಿಯುವುದು ನಾಕಿಂಗ್ ಗುರುತಿಸುವ ನಾಕ್ ಸೆನ್ಸರ್ ಒಂದೇ. ಯಾರಾದರೂ ಹಾಕಿಸಿದ್ದರೆ ಬೇಸಿಗೆ ಏರುವ ಮುನ್ನ ಕಿತ್ತು, ಮೂಲ ಸಾಕೆಟ್ ಕೂಡಿಸಿ.

– ಒಬ್ಬ ಮೆಕ್ಯಾನಿಕ್, ಕೌಲ್ ಬಜಾರ್, ಬಳ್ಳಾರಿ