ಕಣ್ಣಳತೆಗೆ ಸಿಗದ ಎಲೆಗಳ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಗೋವಾದ ಕ್ಯಾಸಿನೊಗಳ ಕುರಿತು ಬಂದ ಬರಹದಲ್ಲಿ, ಬ್ಲ್ಯಾಕ್‌ಜಾಕ್ ಆಟದಲ್ಲಿ, ಅಂದರೆ ಕ್ಯಾಸಿನೊ ಪರ ಎಲೆ ಹಂಚುವ ಡೀಲರ್‌ಗಿಂತ ಹೆಚ್ಚು ಮೊತ್ತವನ್ನು 21 ಮೀರದೆ ತರಬೇಕಾದ ಇಸ್ಪೀಟಾಟದಲ್ಲಿ, ಪಳಗಿದವರು ಒಂದೊಂದು ಎಲೆಯನ್ನೂ ಎಣಿಸಬೇಕಾಗಿಲ್ಲ, ಎಲೆ ಹಂಚುವ ಪೆಟ್ಟಿಗೆಯಲ್ಲಿ ದೊಡ್ಡ ಎಲೆಗಳು ಹೆಚ್ಚು ಉಳಿದಿವೆಯೋ ಸಣ್ಣವೋ ಎಂಬುದು ಅವರ ಅಂದಾಜಿಗೇ ಸಿಗುತ್ತದೆ ಎಂಬ ಮಾತಿತ್ತು. ಮೂರು ದಶಕ ಸಂಖ್ಯಾಶಾಸ್ತ್ರ ಕಲಿಸಿದ ನಾನು ಇದನ್ನು ಒಪ್ಪಲಾರೆ. ವಾರಾಂತ್ಯಕ್ಕೆ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪಣಜಿಗೆ ಹೋಗಿ ಮಾಂಡೋವಿ ನದಿಯ ಹಡಗುಗಳಲ್ಲಿ ಕೂರುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇರುವುದರಿಂದ ಸುಮ್ಮನಿರಲೂ ಆಗುತ್ತಿಲ್ಲ.

ಆಡಿ ಮುಗಿದ ಎಲೆ ಮತ್ತೆ ಕಲಸುವವರೆಗೆ ಪೆಟ್ಟಿಗೆಗೆ ಮರಳುವುದಿಲ್ಲ; ಹಾಗಾಗಿ ಉಳಿದವುಗಳಲ್ಲಿ ಹತ್ತು, ಗುಲಾಮ, ರಾಣಿ, ರಾಜ, ಎಕ್ಕಗಳು ಹೆಚ್ಚಿದ್ದಷ್ಟೂ ಆಟಗಾರನಿಗೆ ಅನುಕೂಲ, ಎರಡರಿಂದ ಆರರವರೆಗಿನವು ಹೆಚ್ಚಿದ್ದಷ್ಟೂ ಡೀಲರ್‌ಗೆ ಅನುಕೂಲ ಎಂಬುದನ್ನು ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರ ತಮ್ಮ ಪುಸ್ತಕದಲ್ಲಿ ಜಗತ್ತಿಗೆ ತಿಳಿಸಿದರು. ಮರುವರ್ಷ ಹಾರ್ವೆ ಡಬ್ನರ್ ಮುಂದಿಟ್ಟ ಹೈ-ಲೋ ಪದ್ಧತಿ ಇನ್ನೂ ಸರಳ. ಸಣ್ಣ ಎಲೆ ಬಿದ್ದರೆ ಒಂದು ಕೂಡಬೇಕು, ದೊಡ್ಡದು ಬಿದ್ದರೆ ಒಂದು ಕಳೆಯಬೇಕು, ಏಳು, ಎಂಟು, ಒಂಬತ್ತನ್ನು ಬಿಟ್ಟುಬಿಡಬೇಕು. ಬಂದ ಮೊತ್ತವನ್ನು ಇನ್ನೂ ಉಳಿದಿರುವ ಕಟ್ಟುಗಳ ಸಂಖ್ಯೆಯಿಂದ ಭಾಗಿಸಬೇಕು. ಹೀಗೆ ಸಿಗುವ 'ನಿಜವಾದ ಎಣಿಕೆ' ಹೆಚ್ಚಿದ್ದಷ್ಟೂ ಪಣ ಏರಿಸಬೇಕು. ಪ್ರಾಥಮಿಕ ಶಾಲೆಯ ಲೆಕ್ಕವನ್ನು ಮೀರಿದ್ದೇನೂ ಇದರಲ್ಲಿಲ್ಲ. ಅದಕ್ಕೇ ಇರಬೇಕು, ಇದನ್ನು ಮನಸ್ಸಿನ ಅಂದಾಜಿನಲ್ಲೇ ಮುಗಿಸಬಹುದೆಂದು ಜನ ನಂಬುತ್ತಾರೆ.

ಹೀಗೆ ನಂಬಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಾಗ ಎರಡು ಕಟ್ಟು ಇಸ್ಪೀಟು ಎಲೆ ಕಲಸಿ, ಮೂವರು ಆಟಗಾರರು ಇದ್ದಾರೆಂದುಕೊಂಡು ಹಂಚಿದೆ. ಮೊದಲನೆಯವನಿಗೆ ರಾಜ, ರಾಣಿ. ಎರಡನೆಯವನಿಗೆ ಎಕ್ಕ, ಗುಲಾಮ. ಮೂರನೆಯವನಿಗೆ ಐದು, ನಾಲ್ಕು, ಬೇಡಿದಾಗ ಮೂರು, ಮತ್ತೆ ಬೇಡಿದಾಗ ಆರು. ಡೀಲರ್‌ನ ಮುಂದೆ ಒಂಬತ್ತು, ಎರಡು, ಮೂರು, ಆರು. ಎಲೆಗಳನ್ನು ಎತ್ತಿಟ್ಟು, ಈಗೇನು ಮಾಡುತ್ತೀ ಎಂದು ಕೇಳಿದೆ. "ದೊಡ್ಡ ಎಲಿ ಭಾಳ ಹೋಗ್ಯಾವ್ರಿ ಸರ್, ಇನ್ನ ಕಡಿಮಿ ಹಚ್ಚಬೇಕು" ಎಂದ. ಎಲೆಗಳನ್ನು ಮತ್ತೆ ಹರಡಿ ಎಣಿಸಿದೆವು. ಹೋದ ದೊಡ್ಡ ಎಲೆಗಳು ನಾಲ್ಕು, ಸಣ್ಣವು ಏಳು. ಎಣಿಕೆ ಕೂಡು ಮೂರು. ಉಳಿದಿದ್ದ 92 ಎಲೆಗಳಿಗೆ ಭಾಗಿಸಿದರೆ ಪ್ರತಿ ಕಟ್ಟಿಗೆ ಸುಮಾರು 1.7, ಅಂದರೆ ಪಣ ಇಳಿಸಬೇಕೆಂದು ಅವನಿಗೆ ತೋರಿದ ಹೊತ್ತು ಏರಿಸಬೇಕಾದ ಹೊತ್ತಾಗಿತ್ತು. ಇದೇ ಹನ್ನೆರಡು ಎಲೆಗಳು ಆರು ಕಟ್ಟಿನ ಪೆಟ್ಟಿಗೆಯಿಂದ ಬಂದಿದ್ದರೆ ಆ ಸಂಖ್ಯೆ ಸುಮಾರು 0.5ಕ್ಕೆ ಇಳಿದು, ಏನನ್ನೂ ಮಾಡದೆ ಕಾಯಬೇಕಾಗುತ್ತಿತ್ತು. ಈ ವ್ಯತ್ಯಾಸವನ್ನು ಯಾವ ಅಂದಾಜು ಹಿಡಿದುಕೊಡುತ್ತದೆ?

ಹುಡುಗ ದಡ್ಡನಲ್ಲ. ರಾಜ, ರಾಣಿಯರಿಗೆ ಚಿತ್ರವಿದೆ, ಬಣ್ಣವಿದೆ. ಎಕ್ಕ ಮತ್ತು ಗುಲಾಮ ಜೊತೆಯಾಗಿ ಬಂದಾಗ ಮೇಜಿನ ಸುತ್ತ ಸದ್ದೂ ಏಳುತ್ತದೆ. ಸಣ್ಣ ಎಲೆಗಳಾದರೋ ಒಂದರ ಮೇಲೊಂದು ಬಿದ್ದು ಮೊತ್ತದಲ್ಲಿ ಕರಗಿ ಹೋಗುತ್ತವೆ. ಐದು, ನಾಲ್ಕು, ಮೂರು, ಆರು ಎಂದು ನೆನಪಿಡುವವರು ಯಾರು? ಹದಿನೆಂಟು ಎಂದಷ್ಟೇ ಉಳಿಯುತ್ತದೆ. ನಮ್ಮಲ್ಲಿ ರಮ್ಮಿ ಆಡಿ ಬೆಳೆದವರು ತಮಗೆ ಈ ಶಕ್ತಿ ಇದೆ ಎಂದುಕೊಳ್ಳುವುದನ್ನೂ ಕೇಳಿದ್ದೇನೆ. ಆದರೆ ರಮ್ಮಿಯಲ್ಲಿ ಅವರು ಮಾಡುವುದು ಅಂದಾಜಲ್ಲ. ತಮಗೆ ಬೇಕಾದ ಇಸ್ಪೀಟಿನ ಏಳು ಹೋಯಿತೋ ಇಲ್ಲವೋ ಎಂಬ ಖಚಿತ ನೆನಪು ಅದು.

ಅನುಭವ ಹೆಚ್ಚಿದಂತೆ ಅಂದಾಜು ಸರಿಯಾಗುತ್ತದೆ ಎಂಬ ವಾದದಲ್ಲೇ ನನಗೆ ಹೆಚ್ಚು ಅಪಾಯ ಕಾಣುತ್ತದೆ. ಅಡುಗೆಯವರು ಕೈಯಳತೆಯಲ್ಲಿ ಉಪ್ಪು ಹಾಕಬಲ್ಲರು, ಏಕೆಂದರೆ ತಪ್ಪಿದರೆ ನಾಲಿಗೆ ಆಗಲೇ ಹೇಳುತ್ತದೆ. ಬ್ಲ್ಯಾಕ್‌ಜಾಕ್‌ನಲ್ಲಿ ಹೇಳುವವರಿಲ್ಲ. ಯಾವ ಎಲೆಗಳಿಗೆ ಹೇಗೆ ಆಡಿದರೆ ಒಳಿತೆಂದು ಲೆಕ್ಕ ಹಾಕಿ ಮಾಡಿದ ಪಟ್ಟಿಯ ಪ್ರಕಾರವೇ ಪ್ರತಿ ಆಟವನ್ನೂ ಆಡಿದರೂ, ಮೇಜಿನ ನಿಯಮಗಳಿಗೆ ತಕ್ಕಂತೆ, ಆಟಗಾರ ಸುಮಾರು ಅರ್ಧ ಶೇಕಡಾ ಹಿಂದೆಯೇ ಇರುತ್ತಾನೆ. ನಿಜವಾದ ಎಣಿಕೆ ಒಂದು ಏರಿದರೆ ಅಷ್ಟೇ ಮುಂದೆ ಬರುತ್ತಾನೆ. ಎರಡಕ್ಕೆ ಏರಿದಾಗ ಸಿಗುವ ಅನುಕೂಲ ನೂರು ರೂಪಾಯಿಗೆ ಐವತ್ತು ಪೈಸೆ. ಒಂದೇ ಆಟದ ಏರಿಳಿತವಾದರೋ ಇಟ್ಟ ಪಣಕ್ಕಿಂತಲೂ ತುಸು ಹೆಚ್ಚು. ಇಷ್ಟು ಸಣ್ಣ ಅನುಕೂಲ ಅಷ್ಟು ದೊಡ್ಡ ಏರಿಳಿತಕ್ಕೆ ಸಮನಾಗಿ ನಿಲ್ಲಬೇಕಾದರೆ ಸುಮಾರು 50,000 ಆಟಗಳು ಬೇಕು. ಗಂಟೆಗೆ ಎಪ್ಪತ್ತು ಆಟವೆಂದರೂ ಏಳುನೂರು ಗಂಟೆ. ತಿಂಗಳಿಗೊಮ್ಮೆ ಹೋಗಿ ಬರುವವನು ಒಂದು ರಾತ್ರಿಯ ಗೆಲುವನ್ನು ತನ್ನ ಅಂದಾಜಿಗೆ ಸಾಕ್ಷಿ ಎಂದುಕೊಂಡರೆ ಅವನು ಪಾಠ ಕಲಿಯುತ್ತಿರುವುದು ಬರಿಯ ಆಕಸ್ಮಿಕದಿಂದ. ಅಂದಾಜಿಗೂ ಎಲೆಗಳಿಗೂ ಸಂಬಂಧವಿಲ್ಲದಿದ್ದರೆ, ಪಣ ಏರಿಸಿದಾಗ ಆಗುವುದು ಇಷ್ಟೇ: ಅದೇ ಅರ್ಧ ಶೇಕಡಾ ನಷ್ಟ ಇನ್ನೂ ದೊಡ್ಡ ಮೊತ್ತದ ಮೇಲೆ ಬೀಳುತ್ತದೆ.

ಸೋಲಿನ ಮೇಲೆ ಸೋಲು ಬಂದಾಗ ಇನ್ನು ನನ್ನ ಸರದಿ ಎಂದು ತೋರುವುದೂ ಅಂದಾಜಿನ ವೇಷದಲ್ಲೇ ಬರುತ್ತದೆ. ಹೋದ ಎಲೆಗಳ ಲೆಕ್ಕ ಪೆಟ್ಟಿಗೆಗೆ ಗೊತ್ತು, ನಮ್ಮ ಸೋಲು ಗೆಲುವುಗಳ ಲೆಕ್ಕ ಅದಕ್ಕೆ ಗೊತ್ತಿಲ್ಲ. ಎಲೆಗಳನ್ನು ಆಗಾಗಲೇ ಹಿಂದಕ್ಕೆ ಹಾಕಿ ಕಲಸುತ್ತಿರುವ ಯಂತ್ರವಿದ್ದ ಮೇಜಿನಲ್ಲಂತೂ ಎಣಿಕೆಯೂ ಕೆಲಸಕ್ಕೆ ಬಾರದು, ಅಂದಾಜೂ ಬಾರದು.

ಕಣ್ಣಳತೆಗೆ ಈ ಆಟದಲ್ಲಿ ಜಾಗವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆಡಿ ಮುಗಿದ ಎಲೆಗಳ ರಾಶಿ ನೋಡಿ ಇನ್ನೆಷ್ಟು ಕಟ್ಟು ಉಳಿದಿವೆ ಎಂಬುದನ್ನು ಕ್ರಮವಾಗಿ ಎಣಿಸುವವರೂ ಕಣ್ಣಳತೆಯಲ್ಲೇ ತಿಳಿಯುತ್ತಾರೆ. ಆದರೆ ಅದನ್ನು ಅವರು ಮನೆಯಲ್ಲಿ ಒಂದು ಕಟ್ಟು, ಎರಡು ಕಟ್ಟು, ಎರಡೂವರೆ ಕಟ್ಟು ಎಂದು ರಾಶಿ ಹಾಕಿ, ಹೇಳಿ, ಎಣಿಸಿ, ತಪ್ಪು ತಿದ್ದಿಕೊಂಡು ಕಲಿತಿರುತ್ತಾರೆ.

ಅಂದಾಜಿನಲ್ಲಿ ನಂಬಿಕೆ ಇರುವವರಿಗಾಗಿ ಒಂದು ಪರೀಕ್ಷೆಯನ್ನು ದಯವಿಟ್ಟು ಪ್ರಕಟಿಸಿ. ಒಂದು ಕಟ್ಟು ಎಲೆ ಕಲಸಿ, ಒಂದನ್ನು ನೋಡದೆ ಮಗುಚಿಡಬೇಕು. ಉಳಿದ 51 ಎಲೆಗಳನ್ನು ಮೇಜಿನಲ್ಲಿ ಬೀಳುವ ವೇಗದಲ್ಲಿ ಒಂದೊಂದಾಗಿ ತಿರುವಿ ಹಾಕಿ, ಮಗುಚಿಟ್ಟದ್ದು ದೊಡ್ಡದೋ ಸಣ್ಣದೋ ನಡುವಿನದೋ ಹೇಳಬೇಕು. ಪೂರ್ತಿ ಕಟ್ಟಿನ ಮೊತ್ತ ಸೊನ್ನೆಯಾಗುವುದರಿಂದ, ಕೊನೆಗೆ ಕೂಡು ಒಂದು ಬಂದರೆ ಮಗುಚಿಟ್ಟದ್ದು ದೊಡ್ಡ ಎಲೆ ಎಂದು ಎಣಿಸಿದವನು ಹೇಳಬಲ್ಲ. ನನ್ನ ವಿದ್ಯಾರ್ಥಿ ಈಗ ರಾತ್ರಿ ಊಟವಾದ ಮೇಲೆ ಇದನ್ನೇ ಮಾಡುತ್ತಿದ್ದಾನೆ; ಲೆಕ್ಕ ತಪ್ಪದೆ ಬರುವವರೆಗೆ ಪಣಜಿಗೆ ಹೋಗುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಧಾರವಾಡ