ಜೊಂಡು ಕೊಯ್ದವರು ಯಾರು?

ಊರಲ್ಲಿ ಸುಗ್ಗಿ, ಸಂಕ್ರಾಂತಿ. ಇಲ್ಲಿ ಇಂಗ್ಲೆಂಡಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಈ ಚಳಿಯಲ್ಲಿ ಹೊಲದ ಕಡೆ ಯಾರು ಹೋಗ್ತಾರೆ ಅನಿಸುತ್ತೆ, ಅಲ್ವಾ? ಆದರೆ ನಾರ್ಫೋಕ್‌ನ ಜೌಗು ನೆಲದಲ್ಲಿ ಕೊಯ್ಲು ನಡೆಯುವುದೇ ಈಗ. ಹಿಮ ಬಿದ್ದು ಎಲೆ ಉದುರಿದ ಮೇಲೆ ಜೊಂಡು ಕೊಯ್ಯುತ್ತಾರೆ. ಮನೆಯ ಸೂರಿಗೆ ಹೊದಿಸಲು ಒಣಗಿದ, ನೆಟ್ಟಗಿನ ಜೊಂಡೇ ಬೇಕು.

ಈ ಕೆಲಸವನ್ನು ಮೊದಮೊದಲು ಫೋಟೋದಲ್ಲಿ ಹಿಡಿದವರಲ್ಲಿ ಪೀಟರ್ ಹೆನ್ರಿ ಎಮರ್ಸನ್ ಒಬ್ಬ. ಹುಟ್ಟಿದ್ದು ಕ್ಯೂಬಾದಲ್ಲಿ, ಓದಿದ್ದು ಡಾಕ್ಟರಿಕೆ. ಅದನ್ನು ಬಿಟ್ಟು ಕ್ಯಾಮೆರಾ ಹಿಡಿದ. 1886ರಲ್ಲಿ ಚಿತ್ರಕಾರ ಗುಡಾಲ್ ಜೊತೆ ನಾರ್ಫೋಕ್ ಬ್ರಾಡ್ಸ್ ಎಂಬ ಕೆರೆ-ಜೌಗಿನ ಸೀಮೆ ಬಗ್ಗೆ 40 ಫೋಟೋಗಳ ಪುಸ್ತಕ ತಂದ. ಜೊಂಡಿನ ಕೊಯ್ಲು, ಅದನ್ನು ಹೇರಿದ ದೋಣಿ ಎಳೆಯುವುದು, ಬಣವೆ ಒಟ್ಟುವುದು ಎಲ್ಲ ಅದರಲ್ಲಿವೆ.

ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆಗ ದೊಡ್ಡ ಹೆಸರು ಮಾಡಿದ್ದ ಫೋಟೋಗ್ರಾಫರ್ ಹೆನ್ರಿ ಪೀಚ್ ರಾಬಿನ್ಸನ್ ಪಳಗಿದ ಮಾಡೆಲ್‌ಗಳಿಗೆ ಹಳ್ಳಿಯ ಬಟ್ಟೆ ತೊಡಿಸುತ್ತಿದ್ದ. ನಾಲ್ಕಾರು ನೆಗೆಟಿವ್ ಸೇರಿಸಿ ಒಂದು ಚಿತ್ರ ಮಾಡುತ್ತಿದ್ದ. ನಮ್ಮ ಸ್ಟುಡಿಯೋಗಳಲ್ಲಿ ತಾಜ್‌ಮಹಲ್ ಪರದೆ ಮುಂದೆ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಎಮರ್ಸನ್‌ಗೆ ಇದು ಮೈ ಉರಿ. ದುಡಿಯುವವರನ್ನು ಅವರ ನೆಲದಲ್ಲೇ ತೆಗೆಯಬೇಕು ಅನ್ನುವುದು ಅವನ ಹಟ. ಹಾಗಂತ ಅವನೂ ಸುಮ್ನೆ ಕ್ಲಿಕ್ಕಿಸಲಿಲ್ಲ, 'ಹೀಗೆ ನಿಲ್ಲಿ' ಅಂತ ನಿಲ್ಲಿಸಿ ತೆಗೆದ. ಗಾಜಿನ ಪ್ಲೇಟು, ಮಂಕು ಬೆಳಕು. ನಿಂತವರ ಕೈ ಅಲುಗಿದರೆ ಚಿತ್ರ ಕಲಸಿಹೋಗುತ್ತಿತ್ತು.

ಆ ಪುಸ್ತಕದ ಫೋಟೋಗಳನ್ನು ಅಚ್ಚು ಹಾಕಿದ್ದು ಪ್ಲಾಟಿನಂನಲ್ಲಿ, ಅಂದರೆ ಆ ಲೋಹದಿಂದ ಚಿತ್ರ ಮೂಡಿಸುವ ಕಾಗದದ ಮೇಲೆ. ಅದಕ್ಕೆ ಹೊಳಪಿಲ್ಲ. ಕಪ್ಪು ಬಿಳುಪಿಗಿಂತ ನಡುವಿನ ಬೂದು ಬಣ್ಣವೇ ಜಾಸ್ತಿ. ಇಲ್ಲಿನ ಚಳಿಗಾಲದ ಆಕಾಶಕ್ಕೆ ಹೇಳಿ ಮಾಡಿಸಿದ ಹಾಗಿದೆ.

1895ರ ಅವನ ಕೊನೆಯ ಪುಸ್ತಕದ ಹೊತ್ತಿಗೆ ಬೋಳು ಮರ, ಮಂಜು, ನೀರು ಉಳಿದು ಜನ ಬಹುಮಟ್ಟಿಗೆ ಮಾಯವಾಗಿದ್ದರು. ಚೆಂದದ ಚಿತ್ರಗಳೇ, ಇಲ್ಲ ಅನ್ನಲ್ಲ. ನನಗೆ ಮಾತ್ರ ಬಣವೆ ಒಟ್ಟುವವರೇ ಇಷ್ಟ.

ಒಂದೇ ಬೇಜಾರು. ಆ ಚಿತ್ರಗಳ ತಲೆಬರಹದಲ್ಲಿ ಕೆಲಸದ ಹೆಸರಿದೆ, ಕೆಲಸ ಮಾಡಿದವರ ಹೆಸರಿಲ್ಲ. ನಮ್ಮ ಮನೆಯ ಆಲ್ಬಮ್‌ಗಳೂ ಹಾಗೇ. ಕಣದಲ್ಲಿ ನಿಂತ ಅಜ್ಜ ಯಾರಂತ ಗೊತ್ತು. ಪಕ್ಕದಲ್ಲಿ ರಾಗಿ ಹೊರೆ ಹೊತ್ತವರು?

ಯುಗಾದಿ ಸಂಚಿಕೆಗೆ ಸುಗ್ಗಿಯ ಹಳೆಯ ಫೋಟೋ ಕಳಿಸಿ. ಊರಿಗೆ ಫೋನ್ ಮಾಡಿದಾಗ ಹಿರಿಯರನ್ನು ಕೇಳಿ, ಎಲ್ಲರ ಹೆಸರೂ ಬರೆಯಿರಿ. ವಾಟ್ಸಾಪ್‌ನಲ್ಲಿ ಮಾತ್ರ ಬೇಡ, ಅಚ್ಚಿಗೆ ಮಸುಕಾಗಿ ಬರುತ್ತೆ. ಸ್ಕ್ಯಾನ್ ಮಾಡಿ ಇಮೇಲ್‌ಗೆ ಹಾಕಿ.